ಬಾನೆಟ್ ಮೇಲಿನ ಬಿಳಿ ಚುಕ್ಕೆಗಳು

"ಅಪ್ಪಾ, ಕಾರಿನ ಮೇಲೆಲ್ಲ ಇದೇನಿದು?"

ಬೆಳಿಗ್ಗೆ ಸ್ಕೂಲಿಗೆ ಹೊರಟಿದ್ದ ಭೂಮಿಕಾ ಬ್ಯಾಗನ್ನು ಜಗಲಿಯ ಮೇಲೆ ಬಿಟ್ಟು ಕಾರಿನ ಹತ್ತಿರ ಓಡಿದಳು. ಅಪ್ಪ ಧನಪಾಲ್ ಆಗಷ್ಟೇ ಕಾರು ಒರೆಸಿ ಮುಗಿಸಿ, ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡುತ್ತಿದ್ದ.

"ಏನಿದೆ?" ಅಂದ.

"ಪೇಂಟು. ಬಿಳೀ ಪೇಂಟು. ಬಾನೆಟ್ ಮೇಲೆ, ಟಾಪ್ ಮೇಲೆ, ಎಲ್ಲಾ ಕಡೆ ಬಿದ್ದಿದೆ ನೋಡು."

ಅಪ್ಪ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಬಾನೆಟ್ ಮೇಲೆ ಅಂಗೈ ಇಟ್ಟ. ಮೆಲ್ಲಗೆ ಈ ತುದಿಯಿಂದ ಆ ತುದಿಯವರೆಗೆ ಸವರಿದ. ತರಿ ತರಿ ಅಂಗೈಗೆ ತಾಗಿರಬೇಕು. ಅವನ ಮುಖ ಬಾಡಿತು.

"ಹೌದು ಕಣಮ್ಮ," ಅಂದ.

ಅದು ಕಡು ನೀಲಿ ಬಣ್ಣದ ಹಳೇ ಅಂಬಾಸಿಡರ್ ಕಾರು. ಭೂಮಿಕಾಳ ತಾತ ಲಕ್ಷ್ಮಣಪ್ಪ ಸರ್ಕಾರಿ ಜೀಪಿನ ಡ್ರೈವರ್ ಆಗಿದ್ದವರು, ರಿಟೈರ್ ಆದಮೇಲೆ ಅದನ್ನು ಕೊಂಡಿದ್ದರು. ತಾತ ಹೋದಮೇಲೆ ಅಪ್ಪ ಅದನ್ನು ಅಜ್ಜಂಪುರದ ಕಾರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬಾಡಿಗೆಗೆ ಓಡಿಸುತ್ತಿದ್ದ. ಬೀರೂರಿನ ಟ್ರೈನಿಗೆ ಹೋಗುವವರು, ತರೀಕೆರೆಯ ಆಸ್ಪತ್ರೆಗೆ ಹೋಗುವವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕಾರಿನದು ಇನ್ನೂ ಮೊದಲಿನ ಕಂಪನಿ ಪೇಂಟು. ಒಂದು ಸಲವೂ ಹೊಸ ಬಣ್ಣ ಹೊಡೆಸಿರಲಿಲ್ಲ ಎಂಬುದು ಅಪ್ಪನ ಹೆಮ್ಮೆ.

ಅದರ ಮೇಲೆ ಈಗ ಅಕ್ಕಿನುಚ್ಚು ಎರಚಿದ ಹಾಗೆ ಬಿಳಿ ಚುಕ್ಕೆಗಳು.

ಎಲ್ಲಿಂದ ಬಂತು ಅಂತ ಹುಡುಕಬೇಕಾಗಿರಲಿಲ್ಲ. ಎದುರುಮನೆ ದ್ವಾರಕಾನಾಥ ಮೇಷ್ಟ್ರ ಮಗಳು ಶ್ರೀಜಾಳಿಗೆ ಮದುವೆ. ಅದಕ್ಕೆ ಮನೆಗೆಲ್ಲ ಸುಣ್ಣಬಣ್ಣ. ನಿನ್ನೆ ಸಂಜೆ ಪೇಂಟಿನವರು ಮಹಡಿಯ ಗೋಡೆಗೆ ಮೆಷಿನ್ನಿನಲ್ಲಿ ಬಣ್ಣ ಸ್ಪ್ರೇ ಮಾಡಿದ್ದರು. ಗಾಳಿ ಜೋರಾಗಿತ್ತು. ಗೋಡೆಗೆ ಹೋಗಬೇಕಾದ ಬಣ್ಣದಲ್ಲಿ ಒಂದಿಷ್ಟು ಬೀದಿ ದಾಟಿ ಈಚೆಗೆ ಹಾರಿತ್ತು.

ಮೇಷ್ಟ್ರೇ ಓಡಿ ಬಂದರು. ಕಾರು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಯಾಕೆಂದರೆ ನಾಳೆ ಭಾನುವಾರ ಬೆಳಿಗ್ಗೆ ಶ್ರೀಜಾ ತರೀಕೆರೆಯ ಮದುವೆ ಛತ್ರಕ್ಕೆ ಹೋಗುವುದು ಇದೇ ಕಾರಿನಲ್ಲಿ. ಪೇಂಟಿನವರ ಹತ್ತಿರ ಥಿನ್ನರ್ ಇದೆ, ಒಂದೇ ನಿಮಿಷದಲ್ಲಿ ಒರೆಸಿಸಿಬಿಡುತ್ತೇನೆ ಅಂದರು.

"ಬ್ಯಾಡಿ ಮೇಷ್ಟ್ರೇ," ಅಂದ ಅಪ್ಪ. "ಥಿನ್ನರ್ ಹಾಕಿದ್ರೆ ಬಿಳೀದರ ಜೊತೆ ನೀಲೀನೂ ಎದ್ದು ಬತ್ತದೆ. ಹಳೇ ಪೇಂಟು, ಮಕ್ಕಳ ಚರ್ಮ ಇದ್ದಂಗೆ. ನಾನು, ಭೂಮಿ ಸೇರಿ ಮಾಡ್ಕತೀವಿ. ನೀವು ಮದುವೆ ಕೆಲಸ ನೋಡ್ಕಳಿ."

ತನ್ನ ಹೆಸರು ಕೇಳಿ ಭೂಮಿಕಾಳಿಗೆ ಖುಷಿಯಾಯಿತು. ಅವತ್ತು ಶನಿವಾರ, ಬೆಳಗಿನ ಸ್ಕೂಲು ಮಾತ್ರ. ಅದು ಯಾವಾಗ ಮುಗಿಯುತ್ತದೋ ಎಂದು ಕ್ಲಾಸಿನಲ್ಲಿ ಕಾದು ಕೂತಿದ್ದಳು. ಬೆಲ್ ಹೊಡೆದ ಕೂಡಲೇ ಮನೆಗೆ ಓಡಿಬಂದಳು.

ಅಪ್ಪ ಕಾರನ್ನು ಮನೆ ಮುಂದಿನ ಹೊಂಗೆಮರದ ಕೆಳಗೆ ತಂದು ನಿಲ್ಲಿಸಿದ್ದ. ಬಿಸಿಲಲ್ಲಿ ಕಾದ ತಗಡಿನ ಮೇಲೆ ಈ ಕೆಲಸ ಮಾಡಬಾರದಂತೆ, ಸೋಪಿನ ನೀರು ಅಲ್ಲಲ್ಲೇ ಒಣಗಿ ಕಲೆ ಕಟ್ಟುತ್ತದಂತೆ. ಎರಡು ಬಕೆಟ್ ನೀರು, ಶಾಂಪೂ, ಮೆತ್ತನೆಯ ಹಳೇ ಬನಿಯನ್ ಬಟ್ಟೆ ಎಲ್ಲ ಸಿದ್ಧವಾಗಿತ್ತು.

ಮೊದಲು ಬಾಗಿಲಿನ ಒಳ ಅಂಚಿನಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ಬಿದ್ದಿದ್ದ ಒಂದು ಚುಕ್ಕೆಯ ಮೇಲೆ ಪ್ರಯೋಗ ಮಾಡಬೇಕು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಒತ್ತಿ ಇಡಬೇಕು. ಚುಕ್ಕೆ ನೆನೆದು ಮೆತ್ತಗಾದಮೇಲೆ ಉಗುರಿನ ತುದಿಯಿಂದ ಮೆಲ್ಲಗೆ ಎಬ್ಬಿಸಬೇಕು. ಬ್ಲೇಡು ಬೇಡ, ಪಾತ್ರೆ ತಿಕ್ಕುವ ಜುಂಗು ಬೇಡ, ಒಣ ಬಟ್ಟೆಯಂತೂ ಬೇಡವೇ ಬೇಡ. ಅಪ್ಪ ಹೇಳುತ್ತ ಹೋದ, ಭೂಮಿಕಾ ಮಾಡುತ್ತ ಹೋದಳು. ಚುಕ್ಕೆ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗಿನ ನೀಲಿಗೆ ಏನೂ ಆಗಿರಲಿಲ್ಲ.

ಉಗುರಿಗೆ ಬಗ್ಗದ ಸಣ್ಣ ಚುಕ್ಕೆಗಳಿಗೆ ಬೇರೆ ಉಪಾಯವಿತ್ತು. ಅಪ್ಪ ಡಿಕ್ಕಿಯಿಂದ ಒಂದು ಡಬ್ಬಿ ತೆಗೆದ. ಒಳಗೆ ಸ್ಕೂಲಲ್ಲಿ ಗೊಂಬೆ ಮಾಡುವ ಕ್ಲೇ ತರಹದ ಉಂಡೆ. ಅದೂ ಕ್ಲೇನೇ ಅಂತೆ, ಆದರೆ ಕಾರಿಗೆ ಅಂತಲೇ ಮಾಡಿದ್ದು. ಅದನ್ನು ರೊಟ್ಟಿಯ ಹಾಗೆ ತಟ್ಟಿ, ಸೋಪಿನ ನೀರು ಸುರಿದು, ಒತ್ತದೆ ಜಾರಿಸಬೇಕು.

"ಕೆಳಗೆ ಬಿದ್ರೆ ಎಸೆದುಬಿಡ್ಬೇಕು ಕಣಮ್ಮ. ಅದಕ್ಕೆ ಮಣ್ಣು ಅಂಟಿರ್ತದೆ. ಆ ಮಣ್ಣೇ ಗೀರು ಹಾಕ್ತದೆ," ಅಂದ.

ಅವಳು ಎಡಗಡೆ ಹಿಡಿದಳು, ಅಪ್ಪ ಬಲಗಡೆ. ಅಪ್ಪನ ಕೈ ಎಷ್ಟು ಚುರುಕು ಅಂದರೆ, ಅವನು ಕಾರಿನ ಕಡೆ ನೋಡುತ್ತಲೂ ಇರಲಿಲ್ಲ. ತಲೆ ಓರೆ ಮಾಡಿ ಎತ್ತಲೋ ಮುಖ ತಿರುಗಿಸಿ, ಬೆರಳ ತುದಿಯಲ್ಲೇ ಚುಕ್ಕೆ ಹುಡುಕಿ, ಅಲ್ಲೇ ಕ್ಲೇ ಜಾರಿಸುತ್ತಿದ್ದ. ಭೂಮಿಕಾಳೂ ಕಣ್ಣು ಮುಚ್ಚಿಕೊಂಡು ಹಾಗೆ ಮಾಡಲು ನೋಡಿದಳು. ಅವಳಿಗೆ ಬರಲಿಲ್ಲ. ದೊಡ್ಡವಳಾದಮೇಲೆ ಬರಬಹುದು ಅಂದುಕೊಂಡಳು.

ಬಿಸಿಲು ಓರೆಯಾಯಿತು. ಅವಳು ಹಿಂದಿನ ಬಾಗಿಲು ಮುಗಿಸಿ ಬೆನ್ನು ನೆಟ್ಟಗೆ ಮಾಡಿ ನಿಂತಾಗ, ಅಪ್ಪ ಬಾನೆಟ್ ಮೇಲೆ ಒಂದೇ ಜಾಗದಲ್ಲಿ ಉಜ್ಜುತ್ತಿದ್ದ. ನೀರು ಹಾಕುತ್ತಾನೆ, ಕ್ಲೇ ಜಾರಿಸುತ್ತಾನೆ, ಬಟ್ಟೆಯಿಂದ ಒತ್ತುತ್ತಾನೆ, ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಮತ್ತೆ ನೀರು, ಮತ್ತೆ ಕ್ಲೇ.

ಅವನು ಉಜ್ಜುತ್ತಿದ್ದುದು ಬಿಸಿಲನ್ನು. ಹೊಂಗೆ ಎಲೆಗಳ ಸಂದಿಯಿಂದ ತೂರಿಬಂದ ಒಂದು ಬಿಸಿಲಿನ ಬೊಟ್ಟು ಬಾನೆಟ್ ಮೇಲೆ ಬಿಳಿಯಾಗಿ ಕೂತಿತ್ತು.

ಭೂಮಿಕಾಳಿಗೆ ನಗು ತಡೆಯಲಾಗಲಿಲ್ಲ.

"ಅಪ್ಪಾ, ಅದು ಬಿಸಿಲು ಕಣಪ್ಪಾ."

ಅಪ್ಪನ ಕೈ ನಿಂತಿತು. ಗಾಳಿ ಬೀಸಿತು, ಎಲೆ ಅಲುಗಿತು, ಬಿಸಿಲಿನ ಬೊಟ್ಟು ಮಡ್ಗಾರ್ಡಿನ ಕಡೆಗೆ ಓಡಿಹೋಯಿತು. ಅಪ್ಪ ಮಾತ್ರ ಕೈಯನ್ನು ಅದೇ ಜಾಗದಲ್ಲಿ ಇಟ್ಟುಕೊಂಡು ನಿಂತಿದ್ದ. ಅವನು ನಗಲಿಲ್ಲ.

ಅವಳು ಸುತ್ತಿಕೊಂಡು ಅವನ ಕಡೆಗೆ ಬಂದಳು. ಬಂದು ನೋಡಿದರೆ, ಅಪ್ಪ ಮುಗಿಸಿದೆ ಅಂದಿದ್ದ ಬಾಗಿಲಿನ ಮೇಲೆ ಚುಕ್ಕೆಗಳು ಹಾಗೇ ಇದ್ದವು. ದಪ್ಪದವು ಮಾತ್ರ ಹೋಗಿದ್ದವು. ಮಂಜಿನ ಹನಿಯಷ್ಟು ಸಣ್ಣವು, ತಗಡಿಗೆ ಚಪ್ಪಟೆಯಾಗಿ ಅಂಟಿದವು, ಸಾಲು ಸಾಲಾಗಿ ಉಳಿದಿದ್ದವು.

"ಇಲ್ಲಿನ್ನೂ ಇದೆಯಲ್ಲಪ್ಪ," ಅಂದಳು. ಅವನ ಬೆರಳು ಹಿಡಿದು ಒಂದರ ಮೇಲೆ ಇಟ್ಟಳು.

"ಕೈಗೆ ಸಿಕ್ತಿಲ್ಲ ಕಣಮ್ಮ."

"ಕಣ್ಣಿಗೆ?"

ಅಪ್ಪ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಬೀದಿಯಲ್ಲಿ ಯಾರಾದರೂ ಇದ್ದಾರಾ ಅನ್ನುವ ಹಾಗೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ.

"ಬಲಗಣ್ಣಲ್ಲಿ ಏನೂ ಕಾಣಲ್ಲ ಕಣೆ," ಅಂದ ಆಮೇಲೆ. "ಎಡಗಣ್ಣಲ್ಲಿ ಮಂಜು ಮಂಜು. ಶುಗರ್ ಇದ್ಯಲ್ಲ, ಅದಕ್ಕಿರಬೇಕು."

ಭೂಮಿಕಾ ಅಪ್ಪನ ಮುಖವನ್ನೇ ನೋಡಿದಳು. ಅವನ ಕಣ್ಣು ನೋಡಲು ಎಂದಿನ ಹಾಗೇ ಇತ್ತು. ಆದರೆ ಎಷ್ಟೋ ದಿನಗಳ ಸಂಗತಿಗಳು ಅವಳ ತಲೆಯಲ್ಲಿ ಒಂದೊಂದಾಗಿ ಎದ್ದವು. ರಾತ್ರಿ ಬಾಡಿಗೆ ಬೇಡ, ನಿದ್ದೆ ಕೆಡುತ್ತದೆ ಅಂತ ಅಪ್ಪ ಬಿಟ್ಟುಬಿಟ್ಟಿದ್ದ. ಫೋನ್ ಬಂದರೆ, ಯಾರದು ಓದು ನೋಡೋಣ, ನಿನ್ನ ಇಂಗ್ಲಿಷ್ ಹೆಂಗಿದೆ ಅನ್ನುತ್ತಿದ್ದ. ಬೀದಿಯಲ್ಲಿ ಯಾರಾದರೂ ಕೈ ಎತ್ತಿದರೆ ಸುಮ್ಮನಿದ್ದು, ಅವರು ಮಾತಾಡಿದ ಮೇಲೆ ಹೆಸರು ಹಿಡಿದು ಕೂಗುತ್ತಿದ್ದ. ಹೋದ ತಿಂಗಳು ಅಕ್ಕಿಮಿಲ್ಲಿನ ಗೇಟಿಗೆ ಕಾರು ಸವರಿತ್ತು, ಬ್ರೇಕಿನ ಮೇಲೆ ತಪ್ಪು ಹಾಕಿದ್ದ.

"ಅಮ್ಮಂಗೆ ಗೊತ್ತಾ?"

"ಇಲ್ಲ. ನೀನೂ ಹೇಳ್ಬೇಡ." ಅಪ್ಪ ಅವಳ ಕೈ ಹಿಡಿದುಕೊಂಡ. ಅವನ ಕೈ ಸೋಪಿನ ನೀರಿನಿಂದ ತಣ್ಣಗಿತ್ತು. "ನಾಳೆ ಒಂದಿನ ಕಣಮ್ಮ. ತರೀಕೆರೆ ರೋಡು ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು. ಮೆಲ್ಲಗೆ ಹೋಗಿ, ಶ್ರೀಜವ್ವನ್ನ ಬಿಟ್ಟು ಬಂದ್ಬಿಡ್ತೀನಿ. ಆಮೇಲೆ ಡಾಕ್ಟ್ರತ್ರ ಹೋಗ್ತೀನಿ. ಅವಳು ಇಷ್ಟುದ್ದ ಇದ್ದಾಗ ನಾನೇ ಈ ಕಾರಲ್ಲಿ ಸ್ಕೂಲಿಗೆ ಬಿಡ್ತಿದ್ದೆ. ಧನಪಾಲ್ ಮಾಮ, ನನ್ನ ಮದುವೆಗೂ ನೀನೇ ಓಡಿಸ್ಬೇಕು ಅಂತಿದ್ಲು."

ಭೂಮಿಕಾ ಕೈ ಬಿಡಿಸಿಕೊಂಡು ಕ್ಲೇಯನ್ನು ಮತ್ತೆ ತಟ್ಟಿ ಚಪ್ಪಟೆ ಮಾಡಿದಳು. ಅಪ್ಪನ ಕಡೆಯ ಬಾಗಿಲಿನ ಮುಂದೆ ಕೂತು ಉಳಿದ ಚುಕ್ಕೆಗಳನ್ನು ತೆಗೆಯತೊಡಗಿದಳು. ಅಪ್ಪ ನೀರು ಸುರಿಯುತ್ತಿದ್ದ.

ಎಲ್ಲ ಮುಗಿಸಿ, ತೊಳೆದು, ಮೇಣದ ಪಾಲಿಶ್ ಹಾಕಿ ಒರೆಸಿದಾಗ ಕಾರು ನೇರಳೆ ಹಣ್ಣಿನ ಹಾಗೆ ಮಿರಮಿರ ಮಿಂಚಿತು. ದ್ವಾರಕಾನಾಥ ಮೇಷ್ಟ್ರು ಬಂದು ನೋಡಿ, ಶೋರೂಮಿನಿಂದ ತಂದ ಹಾಗಿದೆ ಅಂದರು. ಅಪ್ಪ ನಕ್ಕ. ಭೂಮಿಕಾಳಿಗೆ ಮಾತ್ರ ಆ ಹೊಳಪನ್ನು ನೋಡಬೇಕು ಅನ್ನಿಸಲಿಲ್ಲ.

ಸಂಜೆ ಶ್ರೀಜಾ ಅವಳನ್ನು ಮೆಹಂದಿ ಹಾಕಿಸಿಕೊಳ್ಳಲು ಕರೆದಳು. ಎದುರುಮನೆಯ ತುಂಬ ನೆಂಟರು. ಶ್ರೀಜಾಳ ಅಮ್ಮ ಪುಟ್ಟಲಕ್ಷ್ಮಿ ಕೈಗೊಂದು ಚಕ್ಕುಲಿ ಕೊಟ್ಟು ಕೂರಿಸಿದರು. ನಾಳೆ ಕಾರಿನಲ್ಲಿ ಯಾರು ಯಾರು ಅನ್ನುವ ಮಾತು ನಡೆದಿತ್ತು. ಶ್ರೀಜಾ, ಪುಟ್ಟಲಕ್ಷ್ಮಿ, ಶ್ರೀಜಾಳ ಅಣ್ಣನ ಹೆಂಡತಿ, ಅವಳ ಮಡಿಲಲ್ಲಿ ಕೂಸು.

"ನೀನೂ ನನ್ನ ಪಕ್ಕಾನೇ ಕೂತ್ಕೋಬೇಕು ಕಣೆ ಭೂಮಿ. ನಿಮ್ಮಪ್ಪ ಓಡಿಸಿದ್ರೆ ನಂಗೆ ನಿದ್ದೇನೇ ಬಂದ್ಬಿಡತ್ತೆ, ನೀನೇ ಎಬ್ಬಿಸ್ಬೇಕು," ಅಂದಳು ಶ್ರೀಜಾ.

ಕೂಸು ಚಾಪೆಯ ಮೇಲೆ ಬೋರಲು ಬಿದ್ದು ಭೂಮಿಕಾಳ ಗೆಜ್ಜೆ ಹಿಡಿದು ಎಳೆಯುತ್ತಿತ್ತು. ಅವಳು ಅದನ್ನೇ ನೋಡಿದಳು. ತರೀಕೆರೆ ರೋಡಿನಲ್ಲಿ ಎದುರಿಗೆ ಬರುವ ಲಾರಿಗಳು, ಸಂತೆಗೆ ಹೋಗುವ ಕುರಿಮಂದೆ, ಸಡನ್ನಾಗಿ ಅಡ್ಡ ಬರುವ ಬೈಕುಗಳು, ಎಲ್ಲ ನೆನಪಾದವು. ಚಕ್ಕುಲಿಯನ್ನು ಪಕ್ಕಕ್ಕಿಟ್ಟಳು. ಮೆಹಂದಿ ಒಣಗುವ ಮೊದಲೇ ಎದ್ದು ಮನೆಗೆ ಬಂದಳು.

ಅಡುಗೆಮನೆಯಲ್ಲಿ ಅಮ್ಮ ಮುದ್ದೆ ತೊಳಸುತ್ತಿದ್ದಳು. ಭೂಮಿಕಾ ಬಾಗಿಲಿಗೆ ಒರಗಿ ನಿಂತಳು. ಹೇಗೆ ಶುರು ಮಾಡಬೇಕು ಅಂತ ತಿಳಿಯಲಿಲ್ಲ.

"ಅಮ್ಮ, ಅಪ್ಪಂಗೆ ಕಣ್ಣು ಕಾಣಲ್ಲ."

ಹೇಳಿದ ಮೇಲೆ ಅಳು ಬಂತು. ಅಳುತ್ತಲೇ ಬಿಸಿಲಿನ ಬೊಟ್ಟು ಉಜ್ಜಿದ್ದು, ಬಾಗಿಲ ಮೇಲೆ ಉಳಿದ ಚುಕ್ಕೆಗಳು, ಅಪ್ಪ ಹೇಳಬೇಡ ಅಂದಿದ್ದು, ಎಲ್ಲ ಹೇಳಿದಳು. ಅಮ್ಮ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಒಲೆ ಆರಿಸಿದಳು. ಅಮ್ಮ ಹಾಗೆ ಮಾಡಿದ್ದನ್ನು ಭೂಮಿಕಾ ಎಂದೂ ನೋಡಿರಲಿಲ್ಲ.

"ನಂಗೂ ಅನುಮಾನ ಇತ್ತು ಕಣೆ," ಅಂದಳು ಅಮ್ಮ ಮೆಲ್ಲಗೆ. "ಕೇಳೋಕೆ ಹೆದ್ರಿಕೆ ಆಗಿ ಸುಮ್ನಿದ್ದೆ."

ಹಿಂದೆ ಸದ್ದಾಯಿತು. ಅಪ್ಪ ನಡುಮನೆಯಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಭೂಮಿಕಾಳ ಕಡೆ ತಿರುಗಲಿಲ್ಲ, ಬೈಯಲೂ ಇಲ್ಲ. ಗೂಟದಲ್ಲಿದ್ದ ಅಂಗಿ ತಡಕಿ ತೆಗೆದು ಹಾಕಿಕೊಂಡು ಹೊರಟ.

ಅವಳು ಜಗಲಿಗೆ ಬಂದು ನೋಡಿದಳು. ಅಪ್ಪ ಬೀದಿ ದಾಟಿ ಮೇಷ್ಟ್ರ ಮನೆ ಮುಂದೆ ನಿಂತು ಅವರನ್ನು ಹೊರಗೆ ಕರೆದ. ಏನು ಹೇಳಿದನೋ ಕೇಳಿಸಲಿಲ್ಲ. ಮೇಷ್ಟ್ರು ಮೊದಲು ಏನೋ ಕೇಳಿದರು, ಆಮೇಲೆ ಅಪ್ಪನ ಹೆಗಲ ಮೇಲೆ ಕೈ ಇಟ್ಟರು. ಅಪ್ಪ ತಲೆ ತಗ್ಗಿಸಿದ್ದ.

ಭಾನುವಾರ ಬೆಳಿಗ್ಗೆ ಕಾರಿಗೆ ಸೇವಂತಿಗೆ ಹಾರ ಹಾಕಿದರು. ಹಾರದ ದಾರ ಪೇಂಟಿಗೆ ಉಜ್ಜದ ಹಾಗೆ ಅಡಿಯಲ್ಲಿ ಬಟ್ಟೆ ಇಟ್ಟವನು ಅಪ್ಪನೇ. ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ತಮ್ಮಯ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅಪ್ಪ ಕೀ ತೆಗೆದು ಅವನ ಕೈಗೆ ಕೊಟ್ಟ. ಸೆಕೆಂಡ್ ಗೇರು ಸ್ವಲ್ಪ ಬಿಗಿ, ಎಳೆದು ಹಾಕಬೇಡ ಅಂತ ಮಾತ್ರ ಹೇಳಿದ.

ಶ್ರೀಜಾ ರೇಷ್ಮೆ ಸೀರೆ ಉಟ್ಟು ಹೊರಗೆ ಬಂದಳು. ಅವಳಿಗೆ ವಿಷಯ ತಿಳಿದಿತ್ತು. ಕಾರಿಗೆ ಹತ್ತುವ ಮೊದಲು ಅಪ್ಪನ ಮುಂದೆ ನಿಂತಳು.

"ಮಾಮ, ನೀವು ಮುಂದಿನ ಸೀಟಲ್ಲಿ ಕೂತ್ಕೊಂಡು ಬನ್ನಿ. ಜೊತೆಗಿರಿ ಸಾಕು."

ಅಪ್ಪ ಎಡಗಡೆಯ ಬಾಗಿಲಿನ ಹಿಡಿಯನ್ನು ಮುಟ್ಟಿದ. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ. ಆ ಕಾರಿನಲ್ಲಿ ಅವನು ಆ ಕಡೆ ಕೂತದ್ದನ್ನು ಭೂಮಿಕಾ ನೋಡಿಯೇ ಇರಲಿಲ್ಲ.

"ಇನ್ನೊಂದಿನ ಬತ್ತೀನಿ ಕಣವ್ವ," ಅಂದ. "ಇವತ್ತು ಆಗಲ್ಲ ನಂಗೆ."

ಭೂಮಿಕಾಳೂ ಹೋಗಲಿಲ್ಲ. ಹೊಟ್ಟೆನೋವು ಅಂದಳು. ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಅಪ್ಪ ಅಲ್ಲೇ ನಿಂತಿದ್ದ. ಆಮೇಲೆ ಕೈಗಳನ್ನು ಎಲ್ಲಿ ಇಡಬೇಕೋ ತಿಳಿಯದವನ ಹಾಗೆ ಒಂದು ಸಲ ಹಿಂದಕ್ಕೆ ಕಟ್ಟಿಕೊಂಡ, ಇನ್ನೊಂದು ಸಲ ಮುಂದಕ್ಕೆ ತಂದ.

ಅವತ್ತೆಲ್ಲ ಅಪ್ಪ ಅವಳೊಂದಿಗೆ ಮಾತಾಡಲಿಲ್ಲ. ಅವಳು ಬೈಗುಳಕ್ಕಾಗಿ ಕಾದಳು. ಎರಡು ಏಟು ಕೊಟ್ಟಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ ಅನ್ನಿಸಿತು.

ಮಂಗಳವಾರ ಅಮ್ಮ ಸ್ಕೂಲಿಗೆ ರಜ ಹಾಕಿಸಿ, ಅಪ್ಪನ ಜೊತೆ ಅವಳನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಕಣ್ಣಿನ ಆಸ್ಪತ್ರೆಯಲ್ಲಿ ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕಿ ತುಂಬ ಹೊತ್ತು ಕೂರಿಸಿದರು. ಆಮೇಲೆ ಡಾಕ್ಟರಮ್ಮ ಮೆಷಿನ್ನಿನಲ್ಲಿ ನೋಡಿ, ಯಾವಾಗಿನಿಂದ ಹೀಗಿದೆ ಅಂತ ಕೇಳಿದರು.

"ಯುಗಾದಿ ಹೊತ್ತಿಂದ," ಅಂದ ಅಪ್ಪ.

ಈಗ ದೀಪಾವಳಿ ಕಳೆದಿತ್ತು. ಅಮ್ಮ ಮುಖ ಆಚೆ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಡಾಕ್ಟರಮ್ಮ ಬೈಯಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗಕ್ಕೆ ಹೋಗಿದೆ. ಬಲಗಣ್ಣಿನ ದೃಷ್ಟಿ ವಾಪಸ್ ಬರುವುದು ಕಷ್ಟ. ಎಡಗಣ್ಣಿಗೆ ಲೇಸರ್ ಮಾಡಬೇಕು, ಇಂಜೆಕ್ಷನ್ ಕೊಡಬೇಕು. ಆಗ ಇರುವಷ್ಟನ್ನು ಉಳಿಸಿಕೊಳ್ಳಬಹುದು. ಇನ್ನುಮೇಲೆ ಡ್ರೈವಿಂಗ್ ಮಾಡಬಾರದು. ಕಾರು ಇರಲಿ, ಸ್ಕೂಟರ್ ಕೂಡ ಬೇಡ.

ಅಪ್ಪ ಎಲ್ಲದಕ್ಕೂ ಆಯ್ತು ಮೇಡಂ, ಆಯ್ತು ಮೇಡಂ ಅನ್ನುತ್ತ ಹೋದ. ಡ್ರೈವಿಂಗ್ ಮಾತಿಗೆ ಮಾತ್ರ ಏನೂ ಅನ್ನಲಿಲ್ಲ.

ವಾಪಸ್ ಬರುವಾಗ ತರೀಕೆರೆಯಲ್ಲಿ ಬಸ್ ಬದಲಿಸಿದರು. ಅಪ್ಪ ಕಿಟಕಿಯ ಪಕ್ಕ ಕೂತ. ಡ್ರಾಪ್ಸ್ ಹಾಕಿದ್ದರಿಂದ ಬೆಳಕು ಚುಚ್ಚುತ್ತಿತ್ತೋ ಏನೋ, ಕಣ್ಣು ಮುಚ್ಚಿಕೊಂಡಿದ್ದ. ಅಮ್ಮ ಕಾರಿನ ಮಾತು ತೆಗೆದಳು. ಇಟ್ಟುಕೊಂಡು ತಮ್ಮಯ್ಯನ ಕೈಯಲ್ಲಿ ಓಡಿಸುವುದೋ, ಮಾರುವುದೋ. ಅಪ್ಪ, ನೋಡಾನ ಅಂದ. ಅಷ್ಟೇ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅವನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುವ ಹಾಗೆ ಮುಂದಕ್ಕೆ ಸರಿಯುತ್ತಿತ್ತು. ಭೂಮಿಕಾ ಅದನ್ನು ನೋಡಿಯೂ ನೋಡದ ಹಾಗೆ ಹೊರಗೆ ನೋಡುತ್ತ ಕೂತಳು.

ಅಜ್ಜಂಪುರ ಬಂದಾಗ ಮುಸ್ಸಂಜೆ. ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಕಾರ್ ಸ್ಟ್ಯಾಂಡು. ಅಪ್ಪನ ಜೊತೆಯ ಡ್ರೈವರುಗಳೆಲ್ಲ ಕಟ್ಟೆಯ ಮೇಲೆ ಟೀ ಕುಡಿಯುತ್ತ ಕೂತಿದ್ದರು. ಬಸ್ಸಿನಿಂದ ಯಾರು ಇಳಿಯುತ್ತಾರೆ ಅಂತ ಈ ಕಡೆಗೇ ನೋಡುತ್ತಿದ್ದರು.

ಭೂಮಿಕಾ ಮೊದಲು ಇಳಿದಳು. ಅಮ್ಮ ಬ್ಯಾಗು ಹಿಡಿದು ಅಪ್ಪನ ಹಿಂದೆ ಇದ್ದಳು. ಅಪ್ಪ ಬಾಗಿಲಿಗೆ ಬಂದು ನಿಂತ. ಬಸ್ಸಿನ ಮೆಟ್ಟಿಲು ಎತ್ತರ. ಕೆಳಗೆ ಕತ್ತಲು. ಅವನು ಒಂದು ಕಾಲು ಮುಂದಿಟ್ಟು, ಗಾಳಿಯಲ್ಲಿ ಆಡಿಸಿ, ವಾಪಸ್ ಎಳೆದುಕೊಂಡ. ಹಿಂದಿನವರು ಇಳೀರಿ ಇಳೀರಿ ಅಂದರು.

ಅಪ್ಪ ಕಟ್ಟೆಯ ಕಡೆಯಿಂದ ಬರುತ್ತಿದ್ದ ಗೆಳೆಯರ ದನಿಗಳನ್ನು ಕೇಳಿದನೆಂದು ಕಾಣುತ್ತದೆ. ಒಂದು ಕ್ಷಣ ತುಟಿ ಬಿಗಿದ. ಆಮೇಲೆ ಕೈ ಮುಂದಕ್ಕೆ ಚಾಚಿದ.

"ಭೂಮಿ, ಎಲ್ಲಿದೀಯ?"

ಪಿಸುಮಾತಿನಲ್ಲಿ ಅಲ್ಲ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಕೇಳಿದ.

ಕಟ್ಟೆಯ ಮೇಲೆ ಮಾತು ನಿಂತಿತು. ಯುಗಾದಿಯಿಂದ ಇಲ್ಲಿಯವರೆಗೆ ಅಪ್ಪ ಇದೊಂದು ಮಾತನ್ನು ಯಾರನ್ನೂ ಕೇಳದೆ ಇರಲು ಎಷ್ಟು ಒದ್ದಾಡಿರಬೇಕು, ಒಬ್ಬನೇ ಎಷ್ಟು ಹೆದರಿರಬೇಕು ಅಂತ ಭೂಮಿಕಾಳಿಗೆ ಆಗ ಹೊಳೆಯಿತು.

"ಇಲ್ಲೇ ಇದೀನಪ್ಪ," ಅಂದಳು.

ಅವನ ಕೈಗೆ ತನ್ನ ಕೈ ಸೇರಿಸಿದಳು. ಎಳೆಯಲಿಲ್ಲ. ಅವಸರ ಮಾಡಲಿಲ್ಲ. ಅಪ್ಪನ ಕಾಲು ತಾನಾಗಿ ನೆಲವನ್ನು ಹುಡುಕಿಕೊಳ್ಳುವವರೆಗೂ ಹಾಗೇ ಹಿಡಿದುಕೊಂಡು ನಿಂತಳು.